ಹುಳುಮನೆಯ ಹೊಸ್ತಿಲಾಚೆ ಲತಾಮಣಿ

ಲತಾಮಣಿಯವರು ಹುಟ್ಟಿದ್ದು 1984ನೆಯ ಇಸವಿ ನವೆಂಬರ್ 3, ಶನಿವಾರ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದೆ. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರು ಜೂನ್ ಒಂದರಂದೇ ಹುಟ್ಟಿರುವುದರಿಂದ ಅದನ್ನು ಪರಿಗಣಿಸಿಲ್ಲ. 2006ರ ಮೇ 14, ಭಾನುವಾರದಂದು ಕಬ್ಬಾಳಿಗೆ ಸಮೀಪದ ಹಳ್ಳಿಯ ಸ್ವಾಮಿಯವರನ್ನು ಮದುವೆಯಾಗಿ, ಅಂದಿನಿಂದ ಅವರೊಡನೆ ರೇಷ್ಮೆಹುಳು ಸಾಕುತ್ತಿದ್ದರು.

ಆದರೆ ತಮ್ಮ ಕಸುಬು ಎಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದು ಬೇರೆ. ಚಿಟ್ಟೆ ಕೊರೆದು ಹೊರಬಂದ ಗೂಡಿನಿಂದ ನೂಲು ತೆಗೆಯಲಾಗದು. ಅಂಥ ಗೂಡುಗಳನ್ನು ತಂದು, ಎಸಳೆಸಳಾಗಿ ಕತ್ತರಿಸಿ, ಸ್ಪಿರಿಟ್ ಬೆರೆಸಿದ ಬಣ್ಣದಲ್ಲಿ ಅದ್ದಿ, ಹಾರ, ತುರಾಯಿ, ಹೂಗೊಂಚಲುಗಳನ್ನು ಕಟ್ಟುತ್ತಿದ್ದರು.

ಹುಳು ಸಾಕುವ ಮನೆಗೆ ಒಂದು ಕಟ್ಟುನಿಟ್ಟಿದೆ. ಬೆಳೆಯಿರುವಷ್ಟು ಕಾಲ, ಅಂದರೆ ಹುಳು ಮರಿಯಾದಾಗಿನಿಂದ ಗೂಡು ಕಟ್ಟುವವರೆಗೆ, ಅಲ್ಲಿ ಊದುಬತ್ತಿ ಹಚ್ಚುವಂತಿಲ್ಲ. ಬೀಡಿ ಸೇದಿದವರು ಒಳಗೆ ಕಾಲಿಡುವಂತಿಲ್ಲ. ಮುಡಿಯಲ್ಲಿ ಮಲ್ಲಿಗೆಯೂ ಕೂಡದು. ವಾಸನೆ ತಾಗಿದರೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ. ಹೀಗಾಗಿ ವರ್ಷದ ಬಹುಪಾಲು ಲತಾಮಣಿಯವರ ಬಣ್ಣದ ಡಬ್ಬಿಗಳು ತೋಟದ ಪಂಪ್‌ಹೌಸಿನಲ್ಲಿ ಮುಚ್ಚಿಟ್ಟಿರುತ್ತಿದ್ದವು. ಉಳಿದ ಹವ್ಯಾಸಗಳೆಲ್ಲ ಬೆಳೆದದ್ದು ಆ ಅವಧಿಯಲ್ಲೇ. ರಾಮನಗರದ ಬಂಡೆಗಳ ಮೇಲಿನ ರಣಹದ್ದುಗಳನ್ನು ಮೊಬೈಲಿನಲ್ಲಿ ಸೆರೆಹಿಡಿದರು. ಚನ್ನಪಟ್ಟಣದ ಬಿಸ್ಮಿಲ್ಲಾ ಎಂಬ ಹಿರಿಯ ಹೆಂಗಸಿನ ಬಳಿ ಮರದ ಬುಗುರಿ ಕಡೆಯುವುದನ್ನು ಕಲಿತರು. ಗುಲಾಬಿಗೆ ಕಸಿ ಕಟ್ಟಿದರು, ಮದುವೆಮನೆಗಳಲ್ಲಿ ಸೋಬಾನೆ ಹಾಡಿದರು, ನೆರೆಹೊರೆಯವರ ಕೆಟ್ಟ ಮಿಕ್ಸಿಗಳನ್ನು ಬಿಚ್ಚಿ ಜೋಡಿಸಿದರು.

2024ರ ಮೇ ತಿಂಗಳ ಕೊನೆಯಲ್ಲಿ ರಾಮನಗರದ ಒಂದು ಖಾಸಗಿ ತರಬೇತಿ ಸಂಸ್ಥೆಗೆ ಗೂಡಿನ ಕಲೆಯ ಶಿಕ್ಷಕಿ ಬೇಕಾಗಿದ್ದಾರೆಂದು ತಿಳಿಯಿತು. ಕೆಲಸದೊಡನೆ ಒಂದು ಕೋಣೆ. ಅಲ್ಲಿ ವರ್ಷವಿಡೀ ಬಣ್ಣ ಹಾಕಬಹುದು. ಲತಾಮಣಿಯವರು ಬಹುಕಾಲದಿಂದ ಬಯಸಿದ್ದು ಅಷ್ಟನ್ನೇ.

ಆಯ್ಕೆ ನಡೆದದ್ದು ಜೂನ್ 20, ಗುರುವಾರ. ಹುಳು ಪೊರೆ ಕಳಚುವ ಮುನ್ನ ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ದಿನ ಮನೆಯ ಹುಳುಗಳು ನಾಲ್ಕನೆಯ, ಅಂದರೆ ಕಡೆಯ ಜ್ವರವನ್ನು ಕಳೆದು, ಇನ್ನೇನು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು. ಆದ್ದರಿಂದ ಬಣ್ಣವಿಲ್ಲದ ಬಿಳಿಯ ಹೂಗಳನ್ನೇ ಲತಾಮಣಿಯವರು ಚೀಲಕ್ಕೆ ತುಂಬಿಕೊಂಡರು.

“ಯಾರಮ್ಮ ನೀನು ಅಂದ್ರೆ ಏನಂತೀಯೆ?” ಎಂದರು ಸ್ವಾಮಿ. “ಹದ್ದಿನ ಫೋಟೋ, ಮಿಕ್ಸಿ ರಿಪೇರಿ, ಸೋಬಾನೆ. ಒಂದು ಆಧಾರ್ ಕಾರ್ಡು ಸಾಲಾಕಿಲ್ಲ ಕಣಮ್ಮಿ.”

“ನಗಾಡು, ನಗಾಡು. ಸೊಪ್ಪಿನ ಮ್ಯಾಲೆ ಒದ್ದೆ ಗೋಣಿ ಹಾಕಿರು. ಸಂಜೆ ಸೊಪ್ಪಿಗೆ ಬಂದ್ಬುಡ್ತೀನಿ.”

“ಬಣ್ಣ ಗಿಣ್ಣ ಮುಟ್ಬುಟ್ಟೀಯ.”

“ಮುಟ್ಟಾಕಿಲ್ಲ.”

ಸಂಸ್ಥೆಯಲ್ಲಿ ಮೂವರು ಕುಳಿತಿದ್ದರು. ಅವರಲ್ಲಿ ಮುಖ್ಯಸ್ಥೆ ಭಾನುಪ್ರಿಯ. ಪರಿಚಯ ಹೇಳಿಕೊಳ್ಳಿರೆಂದಾಗ ಲತಾಮಣಿಯವರು ಹದ್ದಿನಿಂದ ಮಿಕ್ಸಿಯವರೆಗೆ ಎಲ್ಲವನ್ನೂ ಹೇಳಿದರು.

“ಇಷ್ಟರಲ್ಲಿ ವೃತ್ತಿ ಯಾವುದು, ಹವ್ಯಾಸ ಯಾವುದು?” ಎಂದು ಭಾನುಪ್ರಿಯ ಕೇಳಿದರು.

“ಗೂಡಿನ ಕೆಲ್ಸವೇ ವೃತ್ತಿ ಮೇಡಂ. ಮಿಕ್ಕಿದ್ದೆಲ್ಲ ಅದು ನಿಂತಾಗ ಮಾಡೋದು.”

“ಯಾಕೆ ನಿಲ್ಲುತ್ತೆ?”

“ಮನೇಲಿ ಹುಳ ಇರ್ತವಲ್ಲ, ಬಣ್ಣ ಮುಟ್ಟಂಗಿಲ್ಲ. ವರ್ಸದಾಗೆ ಮುಕ್ಕಾಲು ಭಾಗ ಹಂಗೇಯ.”

“ಹಾಗಿದ್ದರೆ ನಿಮ್ಮ ವೃತ್ತಿ ಹುಳು ಸಾಕೋದು. ಇದೂ ಒಂದು ಹವ್ಯಾಸ ಅಷ್ಟೆ.” ಮಾತಿನಲ್ಲಿ ಕುಹಕವಿರಲಿಲ್ಲ. “ಬಿಳೀ ಹೂ ನೋಡಿ ನಾವು ಹೇಗೆ ಆರಿಸೋಣ? ಬಣ್ಣ, ಸ್ಪಿರಿಟ್ ಎಲ್ಲ ಆ ಮೇಜಿನ ಮೇಲಿದೆ. ಒಂದಕ್ಕೆ ಹಾಕಿ ತೋರಿಸಿ.”

ಲತಾಮಣಿಯವರು ನಿಂತೇ ಇದ್ದರು. ಸ್ಪಿರಿಟ್ಟಿನ ವಾಸನೆ ಒಂದು ಸ್ನಾನಕ್ಕೆ ಹೋಗುವಂಥದಲ್ಲ. ಮುಟ್ಟಿದರೆ ಆ ಬೆಳೆ ಮುಗಿಯುವವರೆಗೆ ಅವರು ಹುಳುಮನೆಗೆ ಹೋಗುವಂತಿಲ್ಲ. ಹುಳುಗಳು ಹಣ್ಣಾದ ದಿನವೇ ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮದುವೆಯಾದಂದಿನಿಂದ ಆ ಕೆಲಸಕ್ಕೆ ಅವರು ಒಮ್ಮೆಯೂ ತಪ್ಪಿರಲಿಲ್ಲ.

ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು. ಒಂದು ಹೂವನ್ನು ತೆಗೆದು ಎಸಳಿನ ತುದಿಯನ್ನಷ್ಟೇ ಅದ್ದಿ, ಬೆರಳಿನಿಂದ ಬುಡದ ಕಡೆಗೆ ತೀಡಿದರು. ಕೆಂಪು ಬಣ್ಣ ಮೆಲ್ಲಗೆ ಇಳಿಯುತ್ತ ಬಿಳಿಯಲ್ಲಿ ಕರಗಿತು. ಯಾರೂ ಕೇಳದಿದ್ದರೂ ಇನ್ನೊಂದು ಹೂವನ್ನು ಕೈಗೆತ್ತಿಕೊಂಡರು.

ಸಂಜೆ ಮನೆಯಂಗಳದ ತುದಿಯಲ್ಲೇ ನಿಂತರು. ಸೊಪ್ಪಿನ ಮಂಕರಿ ಹೊತ್ತು ಬಂದ ಸ್ವಾಮಿ ಅವರ ಬೆರಳುಗಳನ್ನು ನೋಡಿ ಮಂಕರಿಯನ್ನು ಕೆಳಗಿಳಿಸಿದರು.

“ಮುಟ್ಟಾಕಿಲ್ಲ ಅಂದಿದ್ದೆ.”

“ಮುಟ್ದೆ.”

“ಕೊಟ್ರಾ ಕೆಲ್ಸವ?”

“ಫೋನ್ ಮಾಡ್ತರಂತೆ.”

“ಫೋನ್ ಮಾಡ್ತರಂತೆ,” ಎಂದು ಸ್ವಾಮಿ ಅದನ್ನೇ ಹೇಳಿದರು. “ಜಗಲೀಲೇ ಇರು. ಒಳಕ್ಕೆ ಬರ್ಬ್ಯಾಡ.”

ಮರುದಿನ, ಜೂನ್ 21, ಶುಕ್ರವಾರ ಹುಳು ಹಣ್ಣಾದವು. ಸ್ವಾಮಿ ನೆರೆಯವರನ್ನು ಕರೆದುಕೊಂಡರು. ಲತಾಮಣಿಯವರು ಅಂಗಳದಾಚೆ ಒಲೆ ಹೂಡಿ ಅವರೆಲ್ಲರಿಗೂ ಮುದ್ದೆ ಬೇಯಿಸಿದರು. ಮಧ್ಯಾಹ್ನ ಫೋನ್ ಬಂತು. ಕೆಲಸ ಸಿಕ್ಕಿತ್ತು.

ಹುಳುಮನೆಯ ಕಿಟಕಿಯ ಕಡೆಗೆ ಮುಖಮಾಡಿ ಅದನ್ನು ಹೇಳಿದರು.

“ಮುಂದ್ಲ ಬೆಳೆಗೆ ಒಂದಾಳು ಬೇಕಲ್ಲ,” ಎಂಬ ಸ್ವಾಮಿಯವರ ದನಿ ಒಳಗಿನಿಂದ ಕೇಳಿತು. “ಒಸಿ ಈಗ್ಲಿಂದ್ಲೇ ನೋಡಮ್ಮಿ.”

2024ರ ಜುಲೈ 1, ಸೋಮವಾರದಂದು ಲತಾಮಣಿಯವರು ಕೆಲಸಕ್ಕೆ ಸೇರಿದರು. ಅಂದಿನಿಂದ ಈವರೆಗೆ ಬೆಳೆಯಿದ್ದಾಗ ಹುಳುಮನೆಯೊಳಗೆ ಕಾಲಿಟ್ಟಿಲ್ಲ.