ಲಕ್ಕಿ ಸೊಪ್ಪಿನ ಬಿಸಿನೀರು

ಮೊನ್ನೆ ಅತ್ತೆಯ ಮಂಡಿನೋವಿಗೆಂದು ಬೇಲಿಯಿಂದ ಲಕ್ಕಿ ಸೊಪ್ಪು ಮುರಿದು ತಂದು ಹಂಡೆಗೆ ಹಾಕಿದೆ. ನೀರು ಕುದಿದು ಆ ಕಹಿ ವಾಸನೆ ಬಚ್ಚಲು ತುಂಬಿದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದರು. ಒಲೆ ಮುಂದೆ ಹಾಗೇ ಕುಳಿತುಬಿಟ್ಟೆ...

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಅಕ್ಕನದು ಮಗ್ಗದಲ್ಲಿ ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸುವ ಕೆಲಸ. ಸಾವಿರಾರು ರೇಷ್ಮೆ ಎಳೆಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ತಪ್ಪತೊಡಗಿತು. ಬೆಳಗ್ಗೆ ಚೆನ್ನಾಗಿಯೇ ಇದ್ದವರು ಮಧ್ಯಾಹ್ನ ಕಾದ ಶೀಟಿನ ಚಾವಣಿಯ ಕೆಳಗೆ ಬೆರಳು ಜೋಮು ಹಿಡಿದಿದೆ ಎನ್ನುತ್ತಾ, ಕಾಲೆಳೆಯುತ್ತಾ ಗೋಡೆ ಹಿಡಿಯುತ್ತಿದ್ದರು. ಸಂಜೆ ತಣ್ಣಗಾದರೆ ಮತ್ತೆ ನಡೆಯುತ್ತಿದ್ದರು. ಬೀದಿಯವರು ನಾಟಕ ಎಂದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಈಗ ಮುಚ್ಚಿಟ್ಟು ಏನಾಗಬೇಕು?

"ನೀನಾದ್ರೂ ನಂಬೇ," ಎಂದು ಅಕ್ಕ ಒಮ್ಮೆ ಕೇಳಿದ್ದರು. ಹ್ಞೂಂ ಎಂದಿದ್ದೆ, ಬಾಯಿಮಾತಿಗೆ.

ದಿನ ಕಳೆದರೂ ಕಾಲೆಳೆಯುವುದು ನಿಲ್ಲದಿದ್ದಾಗ, ಇದು ವಾತ ಎಂದು ತೀರ್ಮಾನ ಮಾಡಿದವಳೂ ನಾನೇ. ಬೀದಿಯ ಬಾಣಂತಿಯರಿಗೆಲ್ಲ ನೀರು ಹಾಕಿದ ಕೈ, ಆ ಜಂಬ ಬೇರೆ. ಅಕ್ಕನ ಯಜಮಾನರು ದಾಬಸ್‌ಪೇಟೆಯ ಕಾರ್ಖಾನೆಗೆ ಹೊರಟ ಮೇಲೆ ದಿನವೂ ಅಕ್ಕನನ್ನು ಕೂರಿಸಿ ಲಕ್ಕಿ ಸೊಪ್ಪಿನ ನೀರನ್ನು ಸುಡುಸುಡು ಹಾಕುತ್ತಿದ್ದೆ.

"ಸಾಕು ಕಣೇ, ಕಾಲೇ ಇಲ್ದಂಗಾಯ್ತದೆ."

ಬಾಣಂತಿ ಸಾಕೆಂದಾಗ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಮೇಲೆ ಇನ್ನೆರಡು ಚೊಂಬು ಹಾಕಿಯೇ ಬಿಡುವುದು. "ಸುಮ್ನಿರಕ್ಕ, ವಾತ ಇಳೀತಿದೆ," ಎಂದು ಗದರಿ ಮತ್ತೆ ಹಾಕುತ್ತಿದ್ದೆ. ಒಂದು ದಿನ ಅಕ್ಕ ಬಚ್ಚಲಿನಿಂದ ಏಳಲೇ ಇಲ್ಲ. ಒಂದು ಕಣ್ಣೂ ಮಂಜಾಗಿದೆ ಎಂದರು. ಆಗ ಹೆದರಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸ್ಕ್ಯಾನು, ಬೆನ್ನುಹುರಿಯ ನೀರಿನ ಪರೀಕ್ಷೆ ಎಂದು ವಾರಗಟ್ಟಲೆ ಅಲೆದ ಮೇಲೆ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ಹಾಳುಮಾಡುತ್ತದಂತೆ. ಪೂರ್ತಿ ವಾಸಿಯಾಗದು, ಔಷಧಿಯಿಂದ ಹತೋಟಿಯಲ್ಲಿಡಬಹುದು ಎಂದರು. ನಾನು ಅಳುಕುತ್ತಲೇ ಬಿಸಿನೀರಿನ ವಿಷಯ ಹೇಳಿದೆ.

"ನೀರಿಂದ ಕಾಯಿಲೆ ಬಂದಿಲ್ಲಮ್ಮ. ಆದ್ರೆ ಮೈ ಬಿಸಿಯಾದ್ರೆ ಇವ್ರಿಗೆ ಶಕ್ತಿ ಕುಗ್ಗುತ್ತೆ, ತಣ್ಣಗಾದ್ಮೇಲೆ ವಾಪಸ್ ಬರುತ್ತೆ. ಇವ್ರು ಹೇಳಿದ್ದೆಲ್ಲ ನಿಜ."

ಅಕ್ಕ ಅಲ್ಲೇ ಅತ್ತುಬಿಟ್ಟರು. "ನಿಜ ಅಂದ್ರು, ಕೇಳುಸ್ಕೊಂಡ್ಯಾ?" ಎಂದು ನನ್ನ ಕೈ ಹಿಡಿದರು. ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಆರು ವರ್ಷ. ಇಂಜೆಕ್ಷನ್ನು, ಬಚ್ಚಲಿಗೆ ಹೋಗುವಷ್ಟರಲ್ಲಿ ಒದ್ದೆಯಾದ ಸೀರೆ, ಏಪ್ರಿಲ್ ಬಿಸಿಲಿಗೆ ಕತ್ತಿನ ಮೇಲೆ ತಣ್ಣನೆಯ ಟವೆಲು... ಮಗ್ಗದ ಕೆಲಸ ಬಿಟ್ಟುಹೋಯಿತು. ಒಂದಷ್ಟು ದಿನ ಚೇತರಿಸಿಕೊಳ್ಳುವರು, ಮತ್ತೆ ಮಲಗುವರು. ಹಗಲೆಲ್ಲ ನೋಡಿಕೊಳ್ಳುತ್ತಿದ್ದ ನನಗೂ ಸಾಕುಸಾಕಾಗುತ್ತಿತ್ತು, ಸಿಡುಕಿದ್ದೂ ಉಂಟು. ಅಕ್ಕ ಮಾತ್ರ ಆ ಬಿಸಿನೀರಿನ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ...

ಹೋದ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿದು ಹೋಗಿಬಿಟ್ಟರು. ಕೊನೆಯ ಸ್ನಾನವನ್ನೂ ಮನೆಯವರು ನನ್ನ ಕೈಲೇ ಮಾಡಿಸಿದರು. ಯಾರೋ ಬಿಸಿನೀರು ಕಾಯಿಸಿ ತಂದಿಟ್ಟಿದ್ದರು. ನಾನು ಅದಕ್ಕೆ ತಣ್ಣೀರು ಬೆರೆಸಿದೆ.

ಅತ್ತೆ ಬಂದು ಮಣೆಯ ಮೇಲೆ ಕುಳಿತಾಗ ಎಚ್ಚರವಾಯಿತು. ಎದ್ದು ನೀರು ಹದ ಮಾಡಿ ಮಂಡಿಗೆ ಹಾಕತೊಡಗಿದೆ. ಮೂರನೆಯ ಚೊಂಬಿಗೆ ಅತ್ತೆ, "ಸಾಕು ಕಣಮ್ಮ" ಎಂದರು.

ಹಂಡೆಯ ತುಂಬ ನೀರಿತ್ತು. ಚೊಂಬು ಕೆಳಗಿಟ್ಟೆ.