ಸಿಹಿ ಮಾಡಿ ಒಯ್ದ ಮಾತು

ಆ ದರ್ಜಿ ಅಂಗಡಿಯ ಮುಂದುಗಡೆ ಬಟ್ಟೆ ಕತ್ತರಿಸುವವನು ಅಣ್ಣ, ಹಿಂದಿನ ಕೋಣೆಯಲ್ಲಿ ಯಂತ್ರದ ಗದ್ದಲದ ನಡುವೆ ಹೊಲಿಯುವವನು ತಮ್ಮ. ನಡುಬಾಗಿಲಲ್ಲಿ ಕುಳಿತು ಕಾಜಾ ಹೊಲಿದು ಗುಂಡಿ ಹಚ್ಚುವ ವಿಧವೆಯನ್ನು ಬೀದಿಯವರೆಲ್ಲ ಕಾಜಾ ಅಕ್ಕ ಎನ್ನುತ್ತಿದ್ದರು. ತಾಯಿ ತೀರಿಕೊಂಡಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಆಗ ಪರವೂರಿನಲ್ಲಿ ದುಡಿಯುತ್ತಿದ್ದ ತನಗೆ ಅಣ್ಣ ಸುದ್ದಿ ಮುಟ್ಟಿಸಿದ್ದು ಎಲ್ಲ ಮುಗಿದ ಮೇಲೆ ಎಂಬುದು ತಮ್ಮನ ದೂರು. ಅಂಗಡಿ ಅಪ್ಪನದಾದ್ದರಿಂದ ಅದನ್ನು ಮಾತ್ರ ಇಬ್ಬರೂ ಬಿಡಲಾರರು.

“ಆ ಕತ್ತೆಗೆ ಹೇಳು, ತೋಳು ಸೊಟ್ಟಗಿದೆ” ಎಂದು ಅಣ್ಣ ಸಿಡುಕಿದರೆ, ಅಕ್ಕ ಅತ್ತ ತಿರುಗಿ, “ತೋಳನ್ನ ಒಂದ್ಸಲ ನೋಡಬೇಕಂತೆ ಕಣಪ್ಪಾ” ಎನ್ನುವಳು.

“ಅವನ ಕತ್ತರಿಗೆ ತುಕ್ಕು, ನಾಲಿಗೆಗೆ ಮಾತ್ರ ಸಾಣೆ!” ಎಂದು ತಮ್ಮ ಗೊಣಗಿದರೆ, “ಈಗಲೇ ಸರಿಮಾಡ್ತಾನಂತೆ” ಎಂದು ಇತ್ತ ತಿರುಗುವಳು.

ಸಮಾಧಾನಪಡಿಸುವವರನ್ನು ದೇವರ ಮಕ್ಕಳೆಂದು ಕರೆದ ಯೇಸುಸ್ವಾಮಿಯ ಮಾತು ಆಕೆಗೆ ಬಾಲ್ಯದಿಂದ ಬಾಯಿಪಾಠ. ಹುಳಿಯನ್ನು ಸಿಹಿ ಮಾಡಿ ಒಯ್ಯುವುದೇ ಆ ಸೇವೆಯೆಂದು ಆಕೆ ನಂಬಿದ್ದಳು.

ಹೀಗಿರಲು ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. “ಕೇಳಕ್ಕಾ, ಅಣ್ಣ ಬರ್ತಾನಾ? ದೊಡ್ಡಪ್ಪ ಇಲ್ದೆ ಅದೆಂಥ ಮದುವೆ?” ಎಂದ ತಮ್ಮ.

“ನನ್ನ ಹೆಣವೂ ಅಲ್ಲಿಗೆ ಹೋಗಲ್ಲ” ಎಂದ ಅಣ್ಣ.

ಅಕ್ಕ ಒಳಗೆ ಹೋಗಿ ತಮ್ಮನಿಗೆ ತಿಳಿಸಿದಳು: “ಬರ್ತಾನಂತೆ. ಖುಷಿಪಟ್ಟ.”

ಮರುದಿನವೇ ತಮ್ಮ ಕೋಟಿನ ಬಟ್ಟೆ ತಂದು, ಅಳತೆಯ ಟೇಪು ಹಿಡಿದು ನೇರವಾಗಿ ಅಣ್ಣನ ಮುಂದೆ ನಿಂತ.

“ಕೈ ಎತ್ತಣ್ಣಾ. ಮದುವೆಗೆ ನಿನ್ನ ಕೋಟು ನಾನೇ ಹೊಲೀತೀನಿ.”

“ಬರ್ತೀನಿ ಅಂದೋರ್ಯಾರು?”

ಇಬ್ಬರೂ ಅಕ್ಕನತ್ತ ತಿರುಗಿದರು.

“ನಾನೇ ಸುಳ್ಳು ಹೇಳಿದೆ” ಎಂದಳು ಆಕೆ.

“ಪ್ರಾರ್ಥನೆ ಮಾಡೋ ಬಾಯಲ್ಲಿ ಸುಳ್ಳಾ?” ಎಂದ ಅಣ್ಣ.

ತಮ್ಮ ಟೇಪನ್ನು ಕೆಳಗಿಳಿಸಿದ. “ಹಾಗಾದ್ರೆ ಇಷ್ಟು ವರ್ಷ ತಂದ ಒಳ್ಳೇ ಮಾತೆಲ್ಲ ನಿನ್ನದೇನಾ?”

“ನನ್ನದೇ.”

ಬೂದಿ ಮುಚ್ಚಿದ ಕೆಂಡವನ್ನು ತಾನು ಶಾಂತಿಯೆಂದು ಬಗೆದಿದ್ದೆ, ಬೂದಿ ಸುರಿದ ಕೈಯೂ ತನ್ನದೇ ಎಂದು ಆಕೆಗೆ ಆಗ ಅರಿವಾಯಿತು. ಅಷ್ಟರಲ್ಲೇ ಅಭ್ಯಾಸಬಲದಿಂದ ಮತ್ತೊಂದು ಸವಿಮಾತು ನಾಲಿಗೆಯ ತುದಿಗೆ ಬಂತು. ಅದನ್ನು ತಡೆದಳು.

“ಇನ್ಮೇಲೆ ನಾನು ಮಾತು ಹೊರಲ್ಲ. ಬೈಯೋದಿದ್ರೆ ಮುಖಾಮುಖಿ ಬೈದಾಡಿ.”

ಬೈದಾಟವೇ ಆಯಿತು. ಅಂಗಡಿಯ ಸೂರು ಹಾರುವಂತೆ ತಮ್ಮ ಕೂಗಿದ: “ಅಮ್ಮನ ಮುಖ ನೋಡೋಕೂ ಬಿಡಲಿಲ್ಲ ನೀನು!”

“ಹೌದು, ಬೇಕಂತಲೇ ತಡಮಾಡಿದೆ!” ಎಂದು ಅಬ್ಬರಿಸಿದ ಅಣ್ಣನ ದನಿ ಅಲ್ಲೇ ಕುಸಿಯಿತು. “ಪಕ್ಕದಲ್ಲಿ ಕೂತಿದ್ದು ನಾನು, ಕಣೋ. ಅವಳು ಕರೀತಿದ್ದುದು ನಿನ್ನ ಹೆಸರನ್ನ. ಹೊಟ್ಟೆ ಉರಿದುಹೋಯ್ತು.”

ತಮ್ಮ ಸ್ಟೂಲು ಎಳೆದುಕೊಂಡು ಅಣ್ಣನ ಎದುರಿಗೆ ಕುಳಿತ. ಅನಂತರ ಕೇಳಿದ: “ಏನಂತ ಕರೀತಿದ್ದಳು?”

ಅಕ್ಕ ಬಾಯಿ ತೆರೆದಳು. ಅಣ್ಣ ಕೈಯೆತ್ತಿ ತಡೆದ. “ನೀನು ಸ್ವಲ್ಪ ಹೊರಗಿರಕ್ಕಾ. ಇದನ್ನ ನಾನೇ ಹೇಳಬೇಕು.”

ಆಕೆ ಮೆಟ್ಟಿಲ ಮೇಲೆ ಕುಳಿತಳು. ಗಿರಾಕಿಯೊಬ್ಬ ಬಂದ.

“ಆಮೇಲೆ ಬನ್ನಿ. ಒಳಗೆ ಮಾತಾಡ್ತಿದ್ದಾರೆ.”

“ಯಾರು, ಅವರಿಬ್ರಾ?” ಎಂದು ಆತ ಕಣ್ಣರಳಿಸಿದ.

ಒಳಗೆ ದನಿಗಳು ಮತ್ತೆ ಏರಿದವು, ಒಮ್ಮೆ ಯಾರೋ ಬಿಕ್ಕಿದರು. ಎದ್ದು ಒಳಗೆ ಹೋಗಬೇಕೆಂದು ಆಕೆಯ ಮನಸ್ಸು ತುಡಿಯಿತು. ಹೋಗಲಿಲ್ಲ. ಸೆರಗನ್ನು ಬಿಗಿಹಿಡಿದು, ಮಾತಿಲ್ಲದೆ ಪ್ರಾರ್ಥಿಸುತ್ತ ಅಲ್ಲೇ ಕುಳಿತಳು.