ನೀಲಿ ಅಂಚಿನ ಬಾಲ್ದಿ

2016ರ ಆಗಸ್ಟ್‌ನಲ್ಲಿ ಕುಂಬ್ಡಾಜೆಯ ಮನೆಗಳ ಕುಡಿಯುವ ನೀರನ್ನು ಪರೀಕ್ಷಿಸಲು ಕಾಲೇಜಿನ ರಸಾಯನಶಾಸ್ತ್ರದ ಸರ್ ನಮ್ಮಿಬ್ಬರನ್ನು ಕಳಿಸಿದರು. ನೀರಿನ ಸೀಸ, ತಾಮ್ರಗಳನ್ನು ನಿಂತಲ್ಲೇ ಅಳೆಯುವ ಅಂಗೈಯಗಲದ ಸೆನ್ಸರ್ ಒಂದೇ ಇತ್ತು. ಅದು ನನ್ನ ಸಹಪಾಠಿಗೆ ಹೋಯಿತು. ನನಗೆ ಸಿಕ್ಕಿದ್ದು ಅಂಕಿ ಬರೆಯುವ ಪುಸ್ತಕ. “ನಿನ್ನ ಅಕ್ಷರ ಚಂದ ಉಂಟಲ್ಲ,” ಎಂದರು ಸರ್. ಪರೀಕ್ಷೆಯಲ್ಲಿ ನನಗೆ ಅವಳಿಗಿಂತ ಆರು ಅಂಕ ಹೆಚ್ಚಿತ್ತು. ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟೆ.

ಎರಡು ಶನಿವಾರಗಳಲ್ಲಿ ಹದಿನಾಲ್ಕು ಮನೆ ಮುಗಿದವು. ಎಲ್ಲರ ಕಣ್ಣೂ ಅವಳ ಕೈಯ ಮೇಲೆಯೇ. ಎಂಟು ಮನೆಗಳಲ್ಲಿ ಚಹಾದ ಮೊದಲ ಲೋಟ ಅವಳಿಗೇ ಬಂತು.

ಹದಿನೈದನೆಯ ಮನೆಯಲ್ಲಿ ಒಬ್ಬರು ಅಜ್ಜಿ. ಗುಡ್ಡಕ್ಕೆ ಕೊರೆದ ಸುರಂಗದ ನೀರು ಹಿತ್ತಿಲ ತೊಟ್ಟಿಗೆ ಬೀಳುತ್ತಿತ್ತು. ನಮ್ಮ ತೊಳೆದ ಬಾಟಲಿಯನ್ನೇ ತೊಟ್ಟಿಗೆ ಅದ್ದಬೇಕು ಎಂಬುದು ನಿಯಮ. ಆದರೆ ಅಜ್ಜಿ, “ಮನೆಗೆ ಬಂದವರು ನೀರು ಸೇದುವುದಾ? ಅಲ್ಲಿ ಜಾರ್ತದೆ,” ಎಂದು ತಾವೇ ಒಂದು ಬಾಲ್ದಿ ತುಂಬಿ ತಂದರು. ಸಹಪಾಠಿ ಅದರಲ್ಲೇ ಸೆನ್ಸರಿನ ಪಟ್ಟಿ ಅದ್ದಿದಳು. ತಾಮ್ರ ಮಿತಿಗಿಂತ ಎಷ್ಟೋ ಮೇಲೆ.

“ಅಜ್ಜೀ, ಈ ನೀರು ಕುಡಿಯುವುದು ಬೇಡ,” ಎಂದಳು.

ಬಾಲ್ದಿಯ ಅಂಚಿನಲ್ಲಿ ನೀಲಿ ಕಲೆ ಕಂಡಿತು. ಅಡಿಕೆಗೆ ಸಿಂಪಡಿಸುವ ಮೈಲುತುತ್ತು, ಅಂದರೆ ತಾಮ್ರವೇ. ನೀರಿನ ತಪ್ಪಲ್ಲ, ಬಾಲ್ದಿಯದು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸರ್ ಎದುರು ಅವಳ ತಪ್ಪು ಹೊರಬೀಳಲಿ ಎಂದು ಬಾಯಿ ಮುಚ್ಚಿಕೊಂಡು ಅಂಕಿ ಬರೆದೆ.

ಮುಂದಿನ ಶನಿವಾರ ಅದೇ ದಾರಿಯಲ್ಲಿ ನಮ್ಮಿಬ್ಬರಿಗೆ ಅಜ್ಜಿ ಸಿಕ್ಕಿದರು. ಸೊಂಟದಲ್ಲಿ ಕೊಡ, ಇನ್ನೊಂದು ಕೈ ಮೊಣಕಾಲಿನ ಮೇಲೆ. ಕೆಳಗಿನ ಮನೆಯ ಬಾವಿಯಿಂದ ಹತ್ತಿ ಬರುತ್ತಿದ್ದರು.

“ದಿನಕ್ಕೆ ಎಷ್ಟು ಕೊಡ ಅಜ್ಜೀ?” ಎಂದೆ.

“ನಾಲ್ಕು. ಎಂತ ಮಾಡುವುದು ಮಗಾ, ಮಿಷನ್ ಬೇಡ ಅಂತ ಹೇಳಿತಲ್ಲ. ನನ್ನ ಅತ್ತೆ ಅದೇ ನೀರು ಕುಡಿದು ತೊಂಬತ್ತು ವರ್ಷ ಆಗುವವರೆಗೆ ನನ್ನನ್ನು ಬೈದಿದ್ದಾರೆ.”

ಇನ್ನು ತಡೆಯಲಾಗಲಿಲ್ಲ. ಬಾಲ್ದಿಯ ವಿಷಯ ಹೇಳಿಬಿಟ್ಟೆ. ಸಹಪಾಠಿ ಅಲ್ಲಿಂದಲೇ ಓಡಿ, ತೊಟ್ಟಿಗೆ ಬಾಟಲಿ ಅದ್ದಿ ಮತ್ತೆ ಅಳೆದಳು. ನೀರು ಚೆನ್ನಾಗಿತ್ತು. ಅಜ್ಜಿ ಹೊತ್ತು ತಂದ ಕೊಡವನ್ನು ಬಸಳೆಯ ಬುಡಕ್ಕೆ ಸುರಿದರು.

“ನಿನಗೆ ಯಾವಾಗ ಹೊಳೆಯಿತು ಮಾರಾಯ್ತಿ?” ಎಂದು ಕೇಳಿದಳು ಸಹಪಾಠಿ.

“ಈಗಷ್ಟೇ,” ಎಂದೆ.

ಅವಳು ಅದನ್ನು ನಂಬಿದಳು. ಸೋಮವಾರ ಸರ್ ಹತ್ತಿರ, “ತಪ್ಪು ನನ್ನದು ಸರ್, ಹಿಡಿದದ್ದು ಇವಳು,” ಎಂದಳು. ಮುಂದಿನ ವಾರದಿಂದ ಸೆನ್ಸರ್ ನನಗೆ, ಪುಸ್ತಕ ಅವಳಿಗೆ ಎಂದು ಸರ್ ಹೇಳಿದರು. ಅವಳ ಮುಖದಲ್ಲಿ ಒಂದಿಷ್ಟೂ ಬೇಸರ ಕಾಣಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಕೊನೆಯ ಪುಟದಲ್ಲಿ ಆರು ಅಂಕದ ಕೆಳಗೆ ಬರೆದೆ: ಏಳು ದಿನ, ಇಪ್ಪತ್ತೆಂಟು ಕೊಡ. ಆಮೇಲೆ ಆ ಹಾಳೆಯನ್ನು ಹರಿದು ತೆಗೆದು ಪುಸ್ತಕವನ್ನು ಅವಳಿಗೆ ಕೊಟ್ಟೆ.